ನೂರಕ್ಕೆ ಒಂದೇ ಪಾಲು

ಕ್ರಿಲ್ ಅಂದ್ರೆ ಸೀಗಡಿಯಂಥ ಜೀವಿ, ಉದ್ದ ಸುಮಾರು 6 ಸೆಂಟಿಮೀಟರ್. ಅಂಟಾರ್ಕ್ಟಿಕಾದ ತಿಮಿಂಗಿಲ, ಪೆಂಗ್ವಿನ್, ಸೀಲ್‌ಗಳ ಹೊಟ್ಟೆಪಾಡು ನಡೆಯೋದು ಇದರಿಂದಲೇ. ಚಳಿಗಾಲದಲ್ಲಿ ಇದರ ಮರಿಗಳು ಸಮುದ್ರದ ಮೇಲಿನ ಮಂಜುಗಡ್ಡೆಯ ತಳಕ್ಕೆ ಅಂಟಿದ ಪಾಚಿ ಕೆರೆದು ತಿಂತವೆ. ಊಟ ಸಿಗದಿದ್ರೆ ದೊಡ್ಡ ಕ್ರಿಲ್ ಪೊರೆ ಬಿಡ್ತಾ ಬಿಡ್ತಾ ಮೊದಲಿಗಿಂತ ಚಿಕ್ಕದಾಗುತ್ತೆ.

ನಾವು ಒಮೆಗಾ-3 ಅಂತ ನುಂಗೋ ಕ್ರಿಲ್ ಎಣ್ಣೆಯ ಕ್ಯಾಪ್ಸೂಲ್ ಬರೋದೂ ಈ ಸಮುದ್ರದಿಂದಲೇ. ದಕ್ಷಿಣ ಅಟ್ಲಾಂಟಿಕ್ ಭಾಗದಲ್ಲಿ ವರ್ಷಕ್ಕೆ 6,20,000 ಟನ್ ಹಿಡಿಯೋಕೆ ಅನುಮತಿ ಇದೆ. ಅಲ್ಲಿರೋ ಒಟ್ಟು ಕ್ರಿಲ್ 6 ಕೋಟಿ ಟನ್ ಅಂತ ಅಂದಾಜು. ನೂರಕ್ಕೆ ಒಂದೇ ಪಾಲು, ಏನು ಮಹಾ ಅನ್ಸುತ್ತೆ.

ನನ್ನ ಕೆಲಸದಲ್ಲಿ ಇಂಥ ಸರಾಸರಿ ದಿನಾ ನೋಡ್ತೀನಿ. ಹತ್ತು ಸರ್ವರ್‌ಗಳ ಲೆಕ್ಕ ಚೆನ್ನಾಗಿರುತ್ತೆ, ಒಂದು ಮಾತ್ರ ಉಸಿರುಗಟ್ಟಿ ಬಿದ್ದಿರುತ್ತೆ. ಕ್ರಿಲ್ ಗುಂಪುಗೂಡೋ ಕಡೆಗೇ ಹಡಗೂ ಹೋಗುತ್ತೆ, ಪೆಂಗ್ವಿನ್ನೂ ಹೋಗುತ್ತೆ. ಮರಿ ಸಾಕೋ ಪೆಂಗ್ವಿನ್ ಸಾವಿರ ಕಿಲೋಮೀಟರ್ ಆಚೆಯಿಂದ ಊಟ ತರೋಕಾಗುತ್ತಾ?

ಈ ಮಿತಿಯನ್ನ ನಾಲ್ಕು ವಲಯಗಳಿಗೆ ಹಂಚಿದ್ದ ನಿಯಮವೊಂದಿತ್ತು. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಸುತ್ತ 1,55,000 ಟನ್ನಿಗಿಂತ ಹೆಚ್ಚು ಹಿಡಿಯೋ ಹಾಗಿರಲಿಲ್ಲ. 2024ರಲ್ಲಿ ದೇಶಗಳು ಒಮ್ಮತಕ್ಕೆ ಬರಲಿಲ್ಲ, ನಿಯಮ ಬಿದ್ದುಹೋಯ್ತು. 2025ರ ಆಗಸ್ಟಿನಲ್ಲೇ ಇಡೀ ವರ್ಷದ ಮಿತಿ ಮುಗಿದು ಮೀನುಗಾರಿಕೆ ನಿಲ್ಲಿಸಬೇಕಾಯ್ತು. ಅಷ್ಟಾದ್ರೂ ಕಾಗದದ ಮೇಲೆ ಅದು ನೂರಕ್ಕೆ ಒಂದೇ ಪಾಲು.