ಉದ್ದ ಬೆರಳು, ದಪ್ಪ ಕನ್ನಡಕ ಮತ್ತು ಸವಣೂರಿನ ಅತ್ತಿ

ಇದನ್ನ ಬರೀಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಮನೆ ವಿಷಯ ನೋಡಿ.. ಕೊನೆಗೂ ಕೂತಿದೀನಿ.

ನಮ್ಮೂರು ಹಾನಗಲ್. ಶಾಲೇಲಿ ನನ್ನ ಹೆಸರು 'ಏಣಿ'. ಹತ್ತನೇ ಕ್ಲಾಸಿಗೇ ಆರಡಿ ಎರಡಿಂಚು, ಮೇಲೆ ಸೋಡಾಬುಡ್ಡಿ ಕನ್ನಡಕ. "ಥೇಟ್ ಅಪ್ಪನಂಗ ಅದಾನ" ಅಂತ ಎಲ್ರೂ ಹೆಮ್ಮೆಯಿಂದ ಹೇಳೋರು. ಅಪ್ಪ ನಲವತ್ತೊಂದಕ್ಕೇ ಹೋದ್ರು. ಶಿಗ್ಗಾವಿ ಬಸ್ ಸ್ಟ್ಯಾಂಡಿನಲ್ಲಿ "ಬೆನ್ನಾಗ ಏನೋ ಹರಿದಂಗಾತು" ಅಂದ್ರಂತೆ, ಹುಬ್ಬಳ್ಳಿ ಮುಟ್ಟಲಿಲ್ಲ. ಹಾರ್ಟ್ ಅಟ್ಯಾಕ್ ಅಂದ್ರು. ಹಿರೇಕೆರೂರು ಕಡೆ ಹೊಲದಲ್ಲಿ ಅಜ್ಜನೂ ಹೀಗೇ ಹೋಗಿದ್ರು. ಊರವರ ಡಯಾಗ್ನೋಸಿಸ್ ಬೇರೆ: ಮನೆದೇವರಿಗೆ ಸರಿಯಾಗಿ ನಡ್ಕೊಂಡಿಲ್ಲ.

2023ರಲ್ಲಿ ಬೆಂಗಳೂರಲ್ಲಿ ಕನ್ನಡಕದ ನಂಬರ್ ಬದಲಿಸೋಕೆ ಹೋದೆ. ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿ, "ಹೆಬ್ಬೆರಳು ಒಳಗಿಟ್ಟು ಮುಷ್ಟಿ ಮಾಡಿ" ಅಂದ್ರು. ಹೆಬ್ಬೆರಳ ತುದಿ ಕಿರುಬೆರಳಿನ ಆಚೆ ಇಣುಕಿತು. ಕಣ್ಣಿನ ಮಸೂರ ಮೇಲಕ್ಕೆ ಜಾರಿದೆ, ಮೊದಲು ಹೃದಯದ ಎಕೋ ಮಾಡಿಸಿ ಅಂದ್ರು. ಕಣ್ಣು ತೋರಿಸೋಕೆ ಬಂದೋನಿಗೆ ಎಕೋ ಯಾಕೆ ಅಂತ ನಗು ಬಂತು. ಎಕೋದಲ್ಲಿ ಮಹಾಪಧಮನಿಯ ಬುಡ 4.4 ಸೆಂ.ಮೀ. ನಗು ನಿಂತಿತು.

ಇದರ ಹೆಸರು ಮಾರ್ಫನ್ ಸಿಂಡ್ರೋಮ್. 1896ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂತ್ವಾನ್ ಮಾರ್ಫಾನ್ ಉದ್ದ ಬೆರಳಿನ ಹುಡುಗಿಯೊಬ್ಬಳ ಬಗ್ಗೆ ಬರೆದಿದ್ದ. 15ನೇ ಕ್ರೋಮೋಸೋಮಿನ ಎಫ್‌ಬಿಎನ್1 ಜೀನ್‌ನಲ್ಲಿ ದೋಷ ಅಂತ 1991ರಲ್ಲಿ ಗೊತ್ತಾಯ್ತು. ಆ ಜೀನ್ ಮಾಡೋ ಫೈಬ್ರಿಲಿನ್ ಅನ್ನೋ ಪ್ರೋಟೀನು ಮೈಯನ್ನೆಲ್ಲ ಹೊಲಿದಿಟ್ಟ ದಾರದ ಹಾಗೆ. ದಾರ ಸಡಿಲಾದ್ರೆ ಮಸೂರ ಜಾರುತ್ತೆ, ಮೂಳೆ ಉದ್ದ ಬೆಳೆಯುತ್ತೆ, ಮಹಾಪಧಮನಿ ಹಿಗ್ಗಿ ಒಂದಿನ ಒಳಪದರ ಸೀಳಬಹುದು. ನಮ್ಮ ಭಾಷೇಲಿ ಹೇಳೋದಾದ್ರೆ ಬೇಸ್ ಲೈಬ್ರರಿಯಲ್ಲೇ ಬಗ್ :-) ಸುಮಾರು 5000 ಜನರಲ್ಲಿ ಒಬ್ಬರಿಗೆ. ಅಪ್ಪನಿಗೋ ಅಮ್ಮನಿಗೋ ಇದ್ರೆ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ.

ಈ ಕೊನೇ ಸಾಲೇ ಕಷ್ಟದ್ದು. ಸವಣೂರಿನ ಅತ್ತಿ ಅಪ್ಪನ ತಂಗಿ. ಅವರ ಮಗಳು ನನಗೇ ಅಂತ ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಫೋನ್ ಮಾಡಿ "ಅತ್ತಿ, ನೀವಿಬ್ರೂ ಒಂದ್ ಎಕೋ ಮಾಡಿಸ್ರಿ" ಅಂದೆ.

"ನನ್ ಮಗಳು ಬ್ಯಾಡಾದ್ರ ಬ್ಯಾಡ ಅನ್ನು, ರೋಗದ ನೆಪ ಯಾಕ ಹೇಳ್ತಿ?" ಅಂದು ಫೋನ್ ಇಟ್ರು. ನಾಲ್ಕು ತಿಂಗಳು ಮಾತಿಲ್ಲ.

ಅವರ ತಪ್ಪೇನೂ ಇಲ್ಲ. ಸಾಗರದ ಹತ್ತಿರದ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕಂಡ ಕೀಲು-ಮೂಳೆ ಕಾಯಿಲೆಗೆ ಮೊದಲು ಗದ್ದೆಯ ಏಡಿ, ಕೀಟನಾಶಕ ಅಂತೆಲ್ಲ ಶಂಕೆ ಬಂದಿತ್ತು. ಅದು ವಂಶದಲ್ಲೇ ಹರಿದು ಬರೋದು ಅಂತ ತಿಳಿದದ್ದು ಆಮೇಲೆ. ರಕ್ತದಲ್ಲೇ ಇದೆ ಅಂದ್ರೆ ಯಾರಿಗೆ ಬೇಕು ಹೇಳಿ?

ದಸರೆಗೆ ಸವಣೂರಿಗೆ ಹೋದೆ. ಅತ್ತಿ ಖಾರದ ತಟ್ಟೆ ಮುಂದಿಟ್ರು, ಮಾತಾಡಲಿಲ್ಲ. ನಾನು ಮುಷ್ಟಿ ಮಾಡಿ ತೋರಿಸಿದೆ. ಸುಮ್ನೆ ಅವರೂ ಮಾಡಿದ್ರು. ಹೆಬ್ಬೆರಳು ಆಚೆ ಬಂತು. ಅದನ್ನೇ ನೋಡ್ತಾ ಕೂತು, "ಅಣ್ಣನ ಕೈನೂ ಹಿಂಗ ಇತ್ತಲ್ಲೋ.." ಅಂದ್ರು.

ಮರುವಾರ ಹುಬ್ಬಳ್ಳಿಗೆ ಹೋದ್ವಿ. ಅತ್ತಿಗೂ ಇದೆ, ಮಗಳಿಗೂ ಇದೆ. ಇಬ್ಬರಿಂದಲೂ ದೋಷ ಬಂದ್ರೆ ಮಗುವಿನ ಪಾಡು ತೀರಾ ಕಠಿಣ ಅಂತ ಜೆನೆಟಿಕ್ಸ್ ಡಾಕ್ಟರು ಬಿಡಿಸಿ ಹೇಳಿದ್ರು. ಬಸಿರಲ್ಲಿ ಮಹಾಪಧಮನಿ ಸೀಳೋ ಅಪಾಯ ಹೆಚ್ಚು ಅಂತಾನೂ ಹೇಳಿದ್ರು. ಮದುವೆ ಮಾತು ಅಲ್ಲಿಗೇ ಮುಗೀತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳೇ ಅಂದ್ಲು, "ಮೊದಲ ಗೊತ್ತಾತಲ್ಲ, ಸಾಕು ಬಿಡು." ನನಗೆ ಕಿಟಕಿ ಕಡೆ ತಿರುಗಬೇಕಾಯ್ತು.

ಈಗ ಮೂವರೂ ದಿನಾ ಬಿ.ಪಿ. ಮಾತ್ರೆ ನುಂಗ್ತೀವಿ, ವರ್ಷಕ್ಕೊಂದು ಎಕೋ. ಹೆಬ್ಬೆರಳು ಇಣುಕಿದ ಮಾತ್ರಕ್ಕೆ ರೋಗ ಅಲ್ಲ, ಗಾಬರಿ ಬೇಡ. ಆದ್ರೆ ನಿಮ್ಮ ಮನೇಲಿ ಉದ್ದ ಬೆರಳು, ದಪ್ಪ ಕನ್ನಡಕ, ಸಣ್ಣ ವಯಸ್ಸಿಗೇ 'ಹಾರ್ಟ್ ಅಟ್ಯಾಕ್' ಮೂರೂ ಇದ್ರೆ ಡಾಕ್ಟರ ಹತ್ರ ಹೋಗಿ ಒಂದ್ಸಲ ಕೇಳಿ.

ಇದನ್ನ ಬರೀಲಾ ಅಂತ ಅತ್ತೀನ ಕೇಳಿದ್ದೆ. "ಬರಿ. ಅಣ್ಣಗ ಯಾರೂ ಹೇಳಿರಲಿಲ್ಲ" ಅಂದ್ರು.