ಋಣಭಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಮನೆ ಮಾರಿ ನೋಡು ಎಂಬುದನ್ನು ಏಕೆ ಬಿಟ್ಟರೋ ತಿಳಿಯದು. ಬಹುಶಃ ಅವರು ಮಾರುತ್ತಿರಲಿಲ್ಲ. ಮೈಸೂರಿನಲ್ಲಿ ನಮ್ಮ ತಂದೆ 1990ರಲ್ಲಿ ಕಟ್ಟಿಸಿದ ಮನೆಯನ್ನು ಮಾರಹೊರಟ ನನಗೆ ಈ ಅನುಮಾನ ಬಂದಿದೆ.

ಮೂಲ ಕ್ರಯಪತ್ರ, ಇ-ಖಾತೆ, ಕಂದಾಯದ ರಸೀದಿ, ತಂದೆತಾಯಿಯರ ಮರಣಪತ್ರ, ವಂಶವೃಕ್ಷ, ಋಣಭಾರ ಪತ್ರ ಎಂದು ವಕೀಲರು ಹೇಳುತ್ತಾ ಹೋದರು. ಖಾತೆಯಿದ್ದರೆ ಒಡೆತನವಿದ್ದಂತೆ ಎಂದೇ ನಾನು ನಂಬಿದ್ದೆ. ಅದು ಕಂದಾಯ ಕಟ್ಟುವವರ ಲೆಕ್ಕ, ಒಡೆತನ ಹೇಳುವುದು ಕ್ರಯಪತ್ರ ಎಂದು ತಿಳಿದದ್ದು ಈಗ. ಪಂಪನ ಅರಿಕೇಸರಿಯ ವಂಶಾವಳಿಯನ್ನು ವರ್ಷವರ್ಷವೂ ತರಗತಿಯಲ್ಲಿ ಒಪ್ಪಿಸುವ ನಾನು, ನನ್ನದೇ ವಂಶವೃಕ್ಷಕ್ಕಾಗಿ ನಾಡಕಚೇರಿಯ ಬೆಂಚಿನ ಮೇಲೆ ಕಾದು ಕುಳಿತೆ. ವೃಕ್ಷವೆಂಬುದು ಹೆಸರಿಗಷ್ಟೆ, ಉಳಿದಿರುವುದು ಎರಡೇ ಕೊಂಬೆ. ಅಕ್ಕ ಮತ್ತು ನಾನು.

ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಉಳಿದ ಮೂರು ದಿಕ್ಕಿಗೂ ಖಾಲಿ ನಿವೇಶನ. ಅಲ್ಲೆಲ್ಲ ಈಗ ಮೂರು ಮೂರು ಅಂತಸ್ತು ಎದ್ದು ನಮ್ಮ ತೆಂಗಿನ ಮರಕ್ಕೆ ಬಿಸಿಲೇ ಇಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಸಹಪಾಠಿಯೊಬ್ಬ ಇನ್ನೊಂದು ಸೋಜಿಗದ ಕಾಗದದ ವಿಷಯ ಹೇಳಿದ. ಅಲ್ಲಿ 2007ರಿಂದ ಮಾರುವ ಮನೆಗೆ ಇಂಧನದ ಪ್ರಮಾಣಪತ್ರವೂ ಬೇಕಂತೆ. ಗೋಡೆ, ಛಾವಣಿ, ಕಿಟಕಿಗಳನ್ನೆಲ್ಲ ಪರೀಕ್ಷಿಸಿ ಎ ಇಂದ ಜಿ ವರೆಗೆ ದರ್ಜೆ ಕೊಡುತ್ತಾರೆ. 10 ವರ್ಷ ಊರ್ಜಿತ. ನಮ್ಮ ಮನೆಯ ಪಡುವಣ ಕೋಣೆಗೆ ಯಾವ ದರ್ಜೆ ಸಿಗುತ್ತಿತ್ತೋ! ಆಗ ಬಿಸಿಲಿಗೆ ತಡೆಯಿರಲಿಲ್ಲ. ಏಪ್ರಿಲಿನ ಮಧ್ಯಾಹ್ನ ಅದು ಕಾದ ಬಾಣಲೆ. ಅಲ್ಲೇ ಅಕ್ಕನ ಹೊಲಿಗೆಯಂತ್ರ. 1992ರಲ್ಲಿ ಪಿ.ಯು.ಸಿ. ಪಾಸಾದವಳು ಮುಂದೆ ಓದಲಿಲ್ಲ. ಮನೆಯ ಸಾಲದ ಕಂತಿಗೆ ಅವಳು ಹೊಲಿದ ರವಿಕೆಗಳ ಹಣವೂ ಸೇರುತ್ತಿತ್ತು. ಓದಿದವನು ನಾನು.

ಕೊನೆಗೆ ಋಣಭಾರ ಪತ್ರ ಕೈಗೆ ಬಂತು. ಮೂವತ್ತು ವರ್ಷಗಳಲ್ಲಿ ಈ ಸ್ವತ್ತಿನ ಮೇಲೆ ಯಾವ ಋಣವೂ ಇಲ್ಲ! ನೋಂದಣಿಯಾದ ವ್ಯವಹಾರವಷ್ಟೇ ಅದರ ಕಣ್ಣಿಗೆ ಬೀಳುವುದು. ರವಿಕೆಯ ಹಣ ಯಾವ ಕಚೇರಿಯ ಪುಸ್ತಕದಲ್ಲಿದೆ?

"ಮೇಷ್ಟ್ರೇ, ನಿಮ್ಮ ತಂದೆ ಉಯಿಲು ಬರೆದಿಲ್ಲ. ಅವರ ಸ್ವಂತ ಗಳಿಕೆಯಲ್ಲಿ 1956ರ ಕಾಯಿದೆಯಂತೆ ನಿಮ್ಮಕ್ಕನಿಗೂ ಸಮಪಾಲು. ಅವರಿಂದ ಹಕ್ಕುಬಿಡುಗಡೆ ಪತ್ರ ಬರೆಸಿಕೊಂಡುಬಿಡಿ. ಎಲ್ಲರೂ ಮಾಡೋದೇ" ಎಂದರು ವಕೀಲರು. ನಾನು ಬೇಡವೆನ್ನಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಎರಡು ಬಗೆಯ ಕರಡೂ ನನ್ನ ಚೀಲ ಸೇರಿದವು. ಮಗಳ ಕಾಲೇಜಿನ ಶುಲ್ಕದ ಲೆಕ್ಕವನ್ನು ದಾರಿಯುದ್ದಕ್ಕೂ ಮನಸ್ಸು ಹಾಕುತ್ತಲೇ ಇತ್ತು.

ಅಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ರುಜು ಎಲ್ಲಿ ಹಾಕ್ಬೇಕೋ ಪುಟ್ಟ? ನೀನು ತೋರಿಸಿದ ಕಡೆ ಹಾಕ್ತೀನಿ" ಎಂದಳು.

ಚೀಲದೊಳಗೆ ಕೈಯಿಟ್ಟವನು ಸ್ವಲ್ಪ ಹೊತ್ತು ಹಾಗೆಯೇ ಇದ್ದೆ. ಆಮೇಲೆ, ಇಬ್ಬರ ಹೆಸರೂ ಇದ್ದ ಕ್ರಯಪತ್ರದ ಕರಡನ್ನು ತೆಗೆದು ಮುಂದಿಟ್ಟೆ.

"ಮೊದಲು ಓದ್ಕೋ ಅಕ್ಕ. ರುಜು ನೋಂದಣಿ ಕಚೇರಿಯಲ್ಲಿ. ನಿನ್ನ ಬ್ಯಾಂಕಿನ ಪಾಸ್‌ಬುಕ್ಕು ಕೊಡು, ನಿನ್ನ ಅರ್ಧ ಅದಕ್ಕೇ ಬರುತ್ತೆ."

"ಚೀಲದಲ್ಲಿ ಇನ್ನೊಂದು ಕಾಗದ ಇದೆಯಲ್ಲೋ?"

"ಅದು ತಪ್ಪಾಗಿ ಬರೆಸಿದ್ದು."

"ಕನ್ನಡ ಮೇಷ್ಟ್ರ ಕಾಗದದಲ್ಲೂ ತಪ್ಪೇ?" ಎಂದು ನಕ್ಕು, ಕಾಫಿಗೆ ನೀರಿಡಲು ಒಳಗೆ ಹೋದಳು.