ಒಂದು ಮರ್ಮರದ ಕಥೆ

ಮೊದಲ ಬಾರಿ ಸಭೆಯ ಮುಂದೆ ನಿಂತ ಹುಡುಗನಿಗೆ ಹಿರಿಯರು ಹೇಳುವ ಬುದ್ಧಿಮಾತು ಒಂದೇ: “ಗಟ್ಟಿಯಾಗಿ ಹೇಳು, ಬಿಡಿಸಿ ಹೇಳು.” ಸಂಗೀತದ ಪಾಠಕ್ಕೆ ಕುಳಿತವರಿಗೂ ಇದೇ ಉಪದೇಶ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಮೆರಿಕೆಯ ನಾಲ್ವರು ತರುಣರು ಈ ಬುದ್ಧಿಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಹಾಕಿಕೊಳ್ಳದೆಯೇ ಹೆಸರಾದರು.

ಜಾರ್ಜಿಯಾ ಪ್ರಾಂತದ ಅಥೆನ್ಸ್ ಒಂದು ವಿಶ್ವವಿದ್ಯಾನಿಲಯದ ಊರು. ಅಲ್ಲಿಯ ರಿಕಾರ್ಡುಗಳ ಅಂಗಡಿಯೊಂದರಲ್ಲಿ ಪೀಟರ್ ಬಕ್ ಕೆಲಸಕ್ಕಿದ್ದನು. ಅವನು ತನಗೆಂದು ತೆಗೆದಿರಿಸಿಕೊಂಡ ರಿಕಾರ್ಡುಗಳ ಮೇಲೆಯೇ ಕಣ್ಣಿಡುತ್ತಿದ್ದ ಗಿರಾಕಿಯೊಬ್ಬನಿದ್ದನು. ಅವನೇ ವಿದ್ಯಾರ್ಥಿ ಮೈಕೇಲ್ ಸ್ಟೈಪ್. ಅಭಿರುಚಿ ಬೆಳೆಸಿದ ಈ ಗೆಳೆತನಕ್ಕೆ ಮೇಕನ್ ಪಟ್ಟಣದ ಇಬ್ಬರು ಸಹಪಾಠಿಗಳು, ಮೈಕ್ ಮಿಲ್ಸ್ ಮತ್ತು ಬಿಲ್ ಬೆರಿ, ಬಂದು ಸೇರಿದರು. ೧೯೮೦ರ ಏಪ್ರಿಲ್ ೫ರಂದು, ಪೂಜೆ ನಿಂತುಹೋಗಿದ್ದ ಹಳೆಯ ಚರ್ಚೊಂದರಲ್ಲಿ, ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆಂದು ನಾಲ್ವರೂ ಮೊದಲ ಸಲ ಒಟ್ಟಿಗೆ ನುಡಿಸಿದರು. ತಂಡಕ್ಕೆ ಹೆಸರು ನಿಘಂಟಿನಿಂದ ಬಂದಿತು: ಆರ್.ಇ.ಎಂ. ಕನಸು ಕಾಣುವವನ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಹೊರಳಾಡುವ ನಿದ್ರೆಯನ್ನು ಶಾಸ್ತ್ರಜ್ಞರು ಸೂಚಿಸುವ ಅಕ್ಷರಗಳಿವು.

೧೯೮೨ರ ಕೊನೆಗೆ ಧ್ವನಿಮುದ್ರಣದ ಕಂಪನಿಯು ಇವರ ಮೊದಲ ದೊಡ್ಡ ರಿಕಾರ್ಡಿಗೆ ಸಿದ್ಧತೆ ನಡೆಸಿತು. ನಿಯಮಿತನಾದ ನಿರ್ಮಾಪಕನು ಪರಿಪೂರ್ಣತೆಯ ಆರಾಧಕ. ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿದ ತಾಳವಾದ್ಯದ ಬೆರಿಗೆ ತನ್ನ ಕೈಯ ಮೇಲೆಯೇ ನಂಬಿಕೆ ಹೋಗತೊಡಗಿತು. ಅದೂ ಸಾಲದೆ, ಮುಗಿದ ಹಾಡಿಗೆ ಇವರನ್ನು ಕೇಳದೆಯೇ ಯಂತ್ರವಾದ್ಯದ ಮೆರುಗು ಬಳಿಯಲಾಯಿತು. ಹೊಸಬರು ಇಂತಹ ಸಮಯದಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಲೋಕರೂಢಿ. ಸಿಕ್ಕ ಅವಕಾಶ ಕೈಬಿಟ್ಟರೆ ಮತ್ತೆ ಸಿಕ್ಕೀತೆಂಬ ಭರವಸೆ ಯಾರಿಗಿದೆ? ಆದರೂ ಇವರು ತಮಗೆ ಪರಿಚಿತನಾದ ಮಿಚ್ ಈಸ್ಟರನೇ ಬೇಕೆಂದು ಕೇಳಿದರು. ಕಂಪನಿಯು ಪರೀಕ್ಷೆಗೆಂದು ಒಂದು ಹಾಡಿಗೆ ಮಾತ್ರ ಒಪ್ಪಿತು. ಈಸ್ಟರನೂ ಅವನ ಜೊತೆಗಾರ ಡಾನ್ ಡಿಕ್ಸನನೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾದರು.

೧೯೮೩ರ ಆರಂಭದಲ್ಲಿ ಉತ್ತರ ಕೆರೊಲಿನಾದ ಷಾರ್ಲಟ್ ನಗರದಲ್ಲಿ ಕೆಲಸ ನಡೆಯಿತು. ಗಿಟಾರಿನ ಚಮತ್ಕಾರಪ್ರದರ್ಶನ ಬೇಡ, ಆಗಿನ ಕಾಲದ ಯಂತ್ರನಾದವೂ ಬೇಡ ಎಂಬುದು ತಂಡದ ಹಟ. ಸ್ಟೈಪನಂತೂ ಎಲ್ಲರ ಕಣ್ಣಿಗೂ ಮರೆಯಾಗಿ, ಮೆಟ್ಟಿಲಸಾಲಿನ ಕತ್ತಲೆಯಲ್ಲಿ ನಿಂತು ಹಾಡಿದನು. ಪದಗಳು ಒಂದರೊಳಗೊಂದು ಕರಗಿಹೋದವು. ಹನ್ನೆರಡು ಹಾಡುಗಳ ಆ ರಿಕಾರ್ಡಿಗೆ ಇಟ್ಟ ಹೆಸರು ‘ಮರ್ಮರ್’. ಎಲೆಗಳ ಸದ್ದಿಗೆ ನಾವು ಮರ್ಮರವೆನ್ನುವಂತೆಯೇ ಅವರ ನುಡಿಯಲ್ಲಿಯೂ ಅದು ಅಸ್ಪಷ್ಟವಾದ ಗುನುಗು. ಹೊದಿಕೆಯ ಚಿತ್ರದಲ್ಲಿ ಕುಡ್ಜು ಬಳ್ಳಿ ನೆಲವನ್ನೆಲ್ಲ ಮುಚ್ಚಿ ಹಬ್ಬಿದೆ. ಜಪಾನಿನಿಂದ ಬಂದು, ನಮ್ಮ ಕಾಡುಗಳಲ್ಲಿ ಲಂಟಾನ ಹರಡಿದಂತೆ, ಅಮೆರಿಕೆಯ ದಕ್ಷಿಣವನ್ನು ಆವರಿಸಿಕೊಂಡ ಬಳ್ಳಿ ಅದು. ಅದರಡಿಯಲ್ಲಿ ಏನಿದೆಯೋ ನೋಡುವವನೇ ಊಹಿಸಬೇಕು.

ಏಪ್ರಿಲಿನಲ್ಲಿ ರಿಕಾರ್ಡು ಹೊರಬಂದಾಗ ಪೇಟೆಯ ತುಂಬ ಮೈಕೇಲ್ ಜಾಕ್ಸನ್ನನ ‘ಥ್ರಿಲ್ಲರ್’ ಮೊಳಗುತ್ತಿತ್ತು. ಅಂತಹ ಸಂತೆಯಲ್ಲಿ ಗುನುಗನ್ನು ಕೇಳುವವರಾರು? ವಿಮರ್ಶಕರು ಕೇಳಿದರು. ವರ್ಷದ ಕೊನೆಗೆ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ‘ಥ್ರಿಲ್ಲರ್’ ಅನ್ನೂ, ‘ಪೊಲೀಸ್’ ತಂಡದ ‘ಸಿಂಕ್ರೊನಿಸಿಟಿ’ಯನ್ನೂ ಹಿಂದಿಕ್ಕಿ ‘ಮರ್ಮರ್’ ಅನ್ನೇ ೧೯೮೩ರ ಶ್ರೇಷ್ಠ ರಿಕಾರ್ಡೆಂದು ಆರಿಸಿದರು.

ಅರ್ಥವಾಗದುದನ್ನು ಹೊಗಳುವುದು ವಿಮರ್ಶಕರ ಹಳೆಯ ಚಾಳಿಯೆಂದು ನಗುವವರುಂಟು. ಇಲ್ಲಿ ಆ ನಗೆ ಸಲ್ಲದು. ಹಾಡುಗಾರನ ಮಾತು ಮಸುಕಾದರೂ ಬಕ್ಕನ ಗಿಟಾರು ತಂತಿ ತಂತಿಯಾಗಿ ಬಿಡಿಸಿ ಕೇಳುತ್ತದೆ. ಮಿಲ್ಸನ ಮಂದ್ರಗಿಟಾರು ತಾಳಕ್ಕೆ ಮಾತ್ರ ಅಂಟಿಕೊಳ್ಳದೆ ತಾನೂ ಒಂದು ರಾಗವನ್ನು ಹಾಡುತ್ತದೆ. ಆಲಾಪನೆಯನ್ನು ಸವಿಯುವವರು ಸಾಹಿತ್ಯವೆಲ್ಲಿ ಎಂದು ಕೇಳುವುದಿಲ್ಲವಷ್ಟೆ. ಆದರೆ ಇಲ್ಲಿ ಪದಗಳಿವೆ. ಅರ್ಧ ಮಾತ್ರ ಕೇಳುತ್ತವೆ. ರಾತ್ರಿ ಹಾಸಿಗೆಯಲ್ಲಿ ಮಲಗಿದ ಮಗುವಿಗೆ ಪಡಸಾಲೆಯಲ್ಲಿ ಹಿರಿಯರಾಡುವ ಮಾತು ಕೇಳಿಸುವ ರೀತಿ ಇದು. ಮಾತಿನ ಅರ್ಥ ತಿಳಿಯದು. ಮನೆಯಲ್ಲಿ ಸಂತೋಷವಿದೆಯೋ ಸಂಕಟವಿದೆಯೋ ಎಂಬುದು ಮಾತ್ರ ಮಗುವಿಗೆ ತಿಳಿದುಬಿಡುತ್ತದೆ.

ಮನ್ನಣೆಯ ಹಿಂದೆಯೇ ಹಣ ಬರಲಿಲ್ಲ. ಅಮೆರಿಕೆಯ ಮಾರಾಟದ ಪಟ್ಟಿಯಲ್ಲಿ ‘ಮರ್ಮರ್’ ಏರಿದ್ದು ೩೬ನೆಯ ಸ್ಥಾನದವರೆಗೆ. ವರ್ಷಾಂತ್ಯಕ್ಕೆ ಮಾರಾಟವಾದದ್ದು ಸುಮಾರು ಎರಡು ಲಕ್ಷ ಪ್ರತಿ. ಕಾಲೇಜುಗಳ ಆಕಾಶವಾಣಿ ಕೇಂದ್ರಗಳು ಅದನ್ನು ಬಿಡದೆ ನುಡಿಸಿದವು. ಇಂತಹ ಸಂಗೀತಕ್ಕೆ ಮುಂದೆ ‘ಪರ್ಯಾಯ ರಾಕ್’ ಎಂಬ ಹೆಸರು ನಿಂತಿತು. ಐದು ಲಕ್ಷದ ಮಾರಾಟಕ್ಕೆ ಕೊಡುವ ಚಿನ್ನದ ಗೌರವ ‘ಮರ್ಮರ್’ಗೆ ದೊರೆತದ್ದು ೧೯೯೧ರಲ್ಲಿ. ಅಷ್ಟರಲ್ಲಿ ತಂಡದ ಹೆಸರು ಜಗತ್ತಿನಲ್ಲೆಲ್ಲ ಹಬ್ಬಿತ್ತು, ಸ್ಟೈಪನ ಮಾತೂ ತಿಳಿಯಾಗಿತ್ತು. ೧೯೯೭ರಲ್ಲಿ ಬೆರಿ ತಂಡವನ್ನು ಬಿಟ್ಟನು; ೨೦೧೧ರಲ್ಲಿ ಉಳಿದ ಮೂವರೂ ಜಗಳವಿಲ್ಲದೆ ವಾದ್ಯವಿಳಿಸಿದರು.

ತನ್ನ ಕೈಯ ಮೇಲಿನ ನಂಬಿಕೆಯನ್ನು ಕಳೆದುಕೊಳ್ಳತೊಡಗಿದ್ದ ಆ ಬೆರಿಯ ಪೆಟ್ಟೇ ‘ಮರ್ಮರ್’ನಲ್ಲಿ ಕೇಳುತ್ತದೆ. ಕೇಳಿದವರಿಗೆ ಅದರಲ್ಲಿ ಅಳುಕಿನ ಸುಳಿವೂ ಸಿಕ್ಕುವುದಿಲ್ಲ.